ಜಕಣಾಚಾರಿಯೂ ಇರಲಿ, ದಾಸೋಜನೂ ಬರಲಿ

ಅಳಿಯ: ಅತ್ತೆ, ಹಿಸ್ಟರಿ ಎಂ.ಎ. ಮಾಡಿದವನು ಮೇಷ್ಟ್ರಾಗಬೇಕು, ಇಲ್ಲಾಂದ್ರೆ ಕೆಎಎಸ್‌ಗೆ ಓದಬೇಕು. ಅಪ್ಪನ ಪ್ರಕಾರ ಮೂರನೇ ದಾರಿಯೇ ಇಲ್ಲ. ನಿಮ್ಮ ಹಾಗೆ ಮ್ಯೂಸಿಯಂನ ಶಿಕ್ಷಣ ವಿಭಾಗಕ್ಕೆ ಸೇರ್ತೀನಿ ಅಂದ್ರೆ ‘ಗಾಜಿನ ಪೆಟ್ಟಿಗೆ ಒರೆಸೋಕೆ ಎಂ.ಎ. ಯಾಕೆ’ ಅಂದ್ರು.

ಅತ್ತೆ: ನನಗೂ ಅದನ್ನೇ ಅಂದಿದ್ದ ನಿಮ್ಮಪ್ಪ. ನಾನು ರಿಟೈರಾಗಿ ಪೆನ್ಷನ್ ತಗೊಳ್ತಿದ್ರೂ ಅವನಿಗೆ ಅದೊಂದು ಕೆಲಸ ಅಂತ ಅನ್ನಿಸಿಲ್ಲ. ಅದಿರಲಿ, ನಿನ್ನ ಪ್ರಕಾರ ಅಲ್ಲಿ ಏನು ಮಾಡ್ತಾರೆ?

ಅಳಿಯ: ಬಂದವರಿಗೆ ವಿವರಿಸ್ತಾರೆ. ಸ್ವಲ್ಪ ಹೆಚ್ಚು ಓದಿಕೊಂಡಿರೋ ಗೈಡ್ ಅನ್ನಬಹುದು.

ಅತ್ತೆ: ಅಲ್ಲ ಕಣೋ. ವಿವರಿಸೋರು ಬೇರೆ. ಯಾರಿಗೆ, ಎಲ್ಲಿ ನಿಲ್ಲಿಸಿ, ಏನನ್ನು ಹೇಳಬೇಕು, ಅದಕ್ಕಿಂತ ಮುಖ್ಯವಾಗಿ ಏನನ್ನು ಹೇಳದೆ ಬಿಡಬೇಕು ಅಂತ ಗೊತ್ತುಮಾಡೋರು ಬೇರೆ. ನಾನು ಮಾಡಿದ್ದು ಎರಡನೇ ಕೆಲಸ. ಅದನ್ನು ಚೆನ್ನಾಗಿ ಮಾಡಿದ್ರೆ ಮಾಡಿದವರು ಯಾರ ಕಣ್ಣಿಗೂ ಬೀಳೋದಿಲ್ಲ, ನಿಮ್ಮಪ್ಪನ ಕಣ್ಣಿಗಂತೂ ಮೊದಲೇ ಬೀಳೋದಿಲ್ಲ. ಬೇಲೂರಿಗೆ ಹೋಗಿದ್ದೀಯಲ್ಲ, ಅಲ್ಲಿ ನಿನಗೆ ಏನು ಹೇಳಿದ್ರು?

ಅಳಿಯ: ಜಕಣಾಚಾರಿ ಕಥೆ. ಅವನು ಚೆನ್ನಿಗರಾಯನ ಮೂರ್ತಿ ಕಡೆದು ಮುಗಿಸ್ತಾನೆ. ಯಾರೋ ಹುಡುಗ ಬಂದು ಈ ಕಲ್ಲಿನಲ್ಲಿ ದೋಷ ಇದೆ ಅಂತಾನೆ. ಗಂಧ ಬಳಿದು ನೋಡಿದ್ರೆ ಹೊಕ್ಕುಳ ಹತ್ತಿರ ಮಾತ್ರ ಒಣಗಿರೋದಿಲ್ಲ. ಅಲ್ಲಿ ಉಳಿ ಇಟ್ಟಾಗ ನೀರೂ ಕಪ್ಪೆಯೂ ಹೊರಗೆ ಬರುತ್ತೆ. ಪಂತ ಸೋತ ಜಕಣಾಚಾರಿ ತನ್ನ ಬಲಗೈ ಕಡಿದುಕೊಳ್ತಾನೆ. ಆ ಹುಡುಗ ಅವನ ಮಗ ಡಂಕಣಾಚಾರಿ ಅಂತ ಆಮೇಲೆ ಗೊತ್ತಾಗುತ್ತೆ. ತುಮಕೂರಿನ ಹತ್ತಿರದ ಕೈದಾಳದಲ್ಲಿ ಗುಡಿ ಕಟ್ಟಿದ ಮೇಲೆ ಕೈ ಮತ್ತೆ ಬರುತ್ತೆ.

ಅತ್ತೆ: ನೋಡು, ಒಂದು ವಿವರವನ್ನೂ ಮರೆತಿಲ್ಲ. ಎಷ್ಟನೇ ಕ್ಲಾಸಿನಲ್ಲಿ ಕೇಳಿದ್ದು?

ಅಳಿಯ: ಐದನೇ ಕ್ಲಾಸ್ ಟೂರಲ್ಲಿ. ಆದ್ರೆ ಅದು ನಿಜ ಅಲ್ಲವಲ್ಲ ಅತ್ತೆ. ಆ ಕಾಲದ ಶಾಸನಗಳಲ್ಲಿ ಜಕಣಾಚಾರಿ ಸಿಗೋದಿಲ್ಲ. ಮದನಿಕೆಯರ ಪೀಠದ ಮೇಲೆ ಇರೋದು ದಾಸೋಜ, ಅವನ ಮಗ ಚಾವಣ, ಹೀಗೆ. ಅವರಿಬ್ಬರೂ ಬಳ್ಳಿಗಾವೆಯಿಂದ ಬಂದವರು. ಆರ್. ನರಸಿಂಹಾಚಾರ್ಯರು 1919ರಲ್ಲಿ ಬೇಲೂರಿನ ಬಗ್ಗೆ ಪುಸ್ತಕ ಬರೆದಾಗಲೇ ಈ ಹೆಸರುಗಳನ್ನು ಕೊಟ್ಟಿದ್ದಾರೆ. ನೂರು ವರ್ಷ ಕಳೆದ್ರೂ ನಾವಿನ್ನೂ ಕಪ್ಪೆ ಕಥೆ ಹೇಳ್ತಿದ್ದೀವಿ. ನಾನು ಆ ಕೆಲಸಕ್ಕೆ ಸೇರಿದ್ರೆ ಮೊದಲು ನಿಲ್ಲಿಸೋದೇ ಅದನ್ನ.

ಅತ್ತೆ: ಹಾಗಾದ್ರೆ ನಿನ್ನನ್ನ ಮೊದಲ ವಾರವೇ ಮನೆಗೆ ಕಳಿಸ್ತಾರೆ. ಕಳಿಸಬೇಕು ಕೂಡ. ಐದನೇ ಕ್ಲಾಸಿನಲ್ಲಿ ಒಂದು ಸಲ ಕೇಳಿದ್ದನ್ನ ನೀನು ಈಗ ಗುಟುಕು ನೀರೂ ಕುಡಿಯದೆ ಹೇಳಿದೆ. ದಾಸೋಜನ ಹೆಸರು ನಿನಗೆ ಬೇಲೂರಿನಲ್ಲಿ ಸಿಕ್ಕಿದ್ದಾ?

ಅಳಿಯ: ಇಲ್ಲ, ಮಾನಸಗಂಗೋತ್ರಿ ಲೈಬ್ರರಿಯಲ್ಲಿ.

ಅತ್ತೆ: ಅದೇ ನನ್ನ ತಕರಾರು. ಹೆಸರು ಕೆತ್ತಿರೋದು ಬೇಲೂರಿನ ಕಲ್ಲಿನ ಮೇಲೆ, ನಿನಗೆ ಸಿಕ್ಕಿದ್ದು ಮೈಸೂರಿನ ಪುಸ್ತಕದಲ್ಲಿ. ಅದರ ಕೆಳಗೇ ನಿಂತಿದ್ದೆ ನೀನು. ಎತ್ತರದಲ್ಲಿದೆ, ಅಕ್ಷರ ಸಣ್ಣದು, ಲಿಪಿ ಹಳೆಯದು, ನೋಡಿ ಅಂತ ಹೇಳಿದವರಿಲ್ಲ. ಕಥೆಯನ್ನ ಕಿತ್ತುಹಾಕಿದ್ರೆ ಅಲ್ಲಿ ಏನೂ ಉಳಿಯೋದಿಲ್ಲ. ಇಸವಿ ಮತ್ತು ರಾಜನ ಹೆಸರು ಉಳಿಯುತ್ತೆ. 1117, ವಿಷ್ಣುವರ್ಧನ. ಬಸ್ ಹಾಸನ ದಾಟೋ ಹೊತ್ತಿಗೆ ಮಕ್ಕಳು ಅದನ್ನ ಮರೆತಿರ್ತಾರೆ. ನಾನಾಗಿದ್ರೆ ಗೈಡ್‌ಗಳಿಗೆ ‘ಕಥೆ ಹೇಳಿ, ಪೂರ್ತಿ ಹೇಳಿ, ಕಪ್ಪೆ ಬಿಡಬೇಡಿ’ ಅಂತೀನಿ. ಕಥೆ ಮುಗಿದ ಮೇಲೆ ಒಂದು ಮದನಿಕೆ ಕೆಳಗೆ ನಿಲ್ಲಿಸಿ, ಪೀಠದ ದೊಡ್ಡ ಫೋಟೊ ಕೈಗೆ ಕೊಡಿ. ಶಾಸನದ ಪಡಿಯಚ್ಚು ಸಿಕ್ಕಿದ್ರೆ ಇನ್ನೂ ಒಳ್ಳೇದು. ಇಲ್ಲಿ ಅಕ್ಷರ ಇದೆ, ಯಾವುದಾದ್ರೂ ಗುರುತು ಸಿಗುತ್ತಾ ನೋಡಿ ಅನ್ನಿ. ಹೊಯ್ಸಳರ ಕಾಲದ ಕೆಲವು ಅಕ್ಷರ ಈಗಿನದಕ್ಕೆ ಎಷ್ಟು ಹತ್ತಿರ ಅಂದ್ರೆ, ನಾಲ್ಕನೇ ಕ್ಲಾಸಿನ ಮಗು ಒಂದೆರಡನ್ನ ಹಿಡಿದೇ ಹಿಡಿಯುತ್ತೆ. ಆಮೇಲೆ ಕೇಳಿ: ಒಬ್ಬನೇ ಎಲ್ಲ ಕೆತ್ತಿದ್ದು ಅಂದ್ರೆ ಇಷ್ಟು ಜನ ಹೆಸರು ಯಾಕೆ ಹಾಕಿಕೊಂಡ್ರು?

ಅಳಿಯ: ಅಂದ್ರೆ ಸುಳ್ಳು ಹೇಳಿ ಆಮೇಲೆ ತಿದ್ದೋದು.

ಅತ್ತೆ: ಸುಳ್ಳು ಅಂತ ಯಾಕೆ ಅಂತೀಯ? ಜನ ಹಾಗೆ ಹೇಳ್ಕೊಂಡು ಬಂದಿದ್ದಾರೆ ಅನ್ನೋದಂತೂ ನಿಜ ತಾನೇ? ಗೈಡ್ ‘ಹೀಗೆ ನಡೀತು’ ಅನ್ನಬಾರದು, ‘ಹೀಗೊಂದು ಕಥೆ ಇದೆ’ ಅನ್ನಬೇಕು. ಅಷ್ಟು ಪ್ರಾಮಾಣಿಕತೆ ಬೇಕು, ಅದನ್ನ ನಾನು ಬಿಟ್ಟುಕೊಡೋದಿಲ್ಲ. ಆದ್ರೆ ಬೇಲೂರಿನಲ್ಲಿ ಇವತ್ತಿಗೂ ಪೂಜೆ ನಡೀತಿದೆ. ಬರೋರಲ್ಲಿ ಅರ್ಧ ಜನ ಕೈ ಮುಗಿಯೋಕೆ ಬಂದಿರ್ತಾರೆ, ನಿನ್ನ ಥೀಸಿಸ್ ಕೇಳೋಕಲ್ಲ. ಆ ಕಥೆ ಹೇಳಿ ಸಂಸಾರ ನಡೆಸೋ ಗೈಡ್‌ಗಳೂ ಇದ್ದಾರೆ. ನೀನು ಮೊನ್ನೆ ಬಂದವನು ‘ಅದೆಲ್ಲ ಕಟ್ಟುಕಥೆ’ ಅಂದ್ರೆ ಅವರು ನಿನ್ನ ಎದುರು ತಲೆ ಆಡಿಸಿ, ನೀನು ಆಚೆ ಹೋದ ಮೇಲೆ ಮತ್ತೆ ಕಪ್ಪೆಯನ್ನೇ ಹೊರಗೆ ತೆಗೀತಾರೆ. ಅವರ ಕೈಗೆ ಇನ್ನೊಂದು ಒಳ್ಳೆ ಸಾಮಾನು ಕೊಟ್ಟು ನೋಡು. ದಾಸೋಜನನ್ನ ನಿನಗಿಂತ ಚೆನ್ನಾಗಿ ಮಾರ್ತಾರೆ.

ಅಳಿಯ: ಇದನ್ನೆಲ್ಲ ನೀವೇ ಯೋಚನೆ ಮಾಡಿದ್ದಾ, ಯಾವುದಾದ್ರೂ ಶಾಸ್ತ್ರ ಇದೆಯಾ?

ಅತ್ತೆ: ಶಾಸ್ತ್ರ ಇದೆ. ಅಮೆರಿಕದಲ್ಲಿ ಫ್ರೀಮನ್ ಟಿಲ್ಡನ್ ಅಂತ ಒಬ್ಬ ಇದ್ದ. ಪುರಾತತ್ವಜ್ಞನೂ ಅಲ್ಲ, ಜೀವವಿಜ್ಞಾನಿಯೂ ಅಲ್ಲ. ಪತ್ರಿಕೆಗಳಿಗೆ ಬರೀತಿದ್ದ, ಕಾದಂಬರಿ ಬರೀತಿದ್ದ. ವಯಸ್ಸಾದ ಮೇಲೆ ಅಲ್ಲಿನ ರಾಷ್ಟ್ರೀಯ ಉದ್ಯಾನಗಳನ್ನ ಸುತ್ತಿ, ಕಾಡು ತೋರಿಸೋ ರೇಂಜರುಗಳ ಮಾತು ಕೇಳಿ, 1957ರಲ್ಲಿ ‘ಇಂಟರ್‌ಪ್ರಿಟಿಂಗ್ ಅವರ್ ಹೆರಿಟೇಜ್’ ಅನ್ನೋ ಸಣ್ಣ ಪುಸ್ತಕ ಬರೆದ. ಆರು ಸೂತ್ರ ಇದೆ ಅದರಲ್ಲಿ. ಆರೂ ಬಾಯಿಪಾಠ ಮಾಡಬೇಡ, ಎರಡು ಸಾಕು. ಬಂದವರಿಗೆ ಪಾಠ ಮಾಡೋದು ಗುರಿಯಲ್ಲ, ಅವರನ್ನ ಕೆಣಕೋದು ಗುರಿ ಅಂತ ಒಂದು. ಇನ್ನೊಂದು ಮಕ್ಕಳ ವಿಷಯ. ದೊಡ್ಡವರಿಗೆ ಹೇಳಿದ್ದಕ್ಕೇ ನೀರು ಬೆರೆಸಿ ಮಕ್ಕಳಿಗೆ ಕೊಡಬೇಡಿ, ಅವರಿಗೆ ಬೇರೆಯದೇ ಕಾರ್ಯಕ್ರಮ ಮಾಡಿ ಅನ್ನೋದು. ನಮ್ಮಲ್ಲಿ ಎರಡೂ ಉಲ್ಟಾ.

ಅಳಿಯ: ಸ್ಮಾರಕದ ಬಾಗಿಲಲ್ಲೇ ಕೆಣಕ್ತಾರಲ್ಲ ಅತ್ತೆ, ನೀಲಿ ಬೋರ್ಡ್ ಹಾಕಿ.

ಅತ್ತೆ: ಹ್ಹ! ಆ ಬೋರ್ಡು. ‘ಹಾಳು ಮಾಡಿದರೆ ಮೂರು ತಿಂಗಳ ಸೆರೆ, 5000 ರೂಪಾಯಿ ದಂಡ.’ 1958ರ ಕಾಯ್ದೆಯ ಶಿಕ್ಷೆ ಅದು. 2010ರ ತಿದ್ದುಪಡಿಯಲ್ಲಿ ಎರಡು ವರ್ಷ, ಒಂದು ಲಕ್ಷದವರೆಗೂ ಏರಿಸಿದ್ದಾರೆ. ತಪ್ಪು ಅಂತ ನಾನು ಹೇಳೋದಿಲ್ಲ, ಕಲ್ಲಿನ ಮೇಲೆ ಹೆಸರು ಗೀಚೋರನ್ನ ನೋಡಿದ್ದೀನಿ. ಆದ್ರೆ ಒಂದು ಸರ್ಕಾರ ತನ್ನ ಜನರಿಗೆ ಅವರ ಪರಂಪರೆಯ ಬಗ್ಗೆ ಹೇಳೋ ಮೊದಲ ವಾಕ್ಯ ಜೈಲಿನದು ಆಗಬೇಕಾ? ವಿಶ್ವ ಪರಂಪರೆಯ 1972ರ ಒಪ್ಪಂದಕ್ಕೆ ನಾವೂ ಸಹಿ ಹಾಕಿದ್ದೀವಿ. ಅದರ 27ನೇ ವಿಧಿ ಶಿಕ್ಷಣ ಕಾರ್ಯಕ್ರಮಗಳ ಮೂಲಕ ಜನರಲ್ಲಿ ಗೌರವ ಬೆಳೆಸಿ ಅನ್ನುತ್ತೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಪಟ್ಟಿಗೆ ಸೇರಿದಾಗ ಎಲ್ಲರೂ ಸಿಹಿ ಹಂಚಿದ್ರು. 27ನೇ ವಿಧಿ ಓದಿದವರು ಯಾರೂ ನನಗೆ ಸಿಕ್ಕಿಲ್ಲ.

ಅಳಿಯ: ಮುಟ್ಟಬೇಡಿ ಅಂತ ಹೇಳೋದಾದ್ರೂ ಹೇಗೆ ಮತ್ತೆ? ಐವತ್ತು ಮಕ್ಕಳು ಒಟ್ಟಿಗೆ ನುಗ್ಗಿದ್ರೆ?

ಅತ್ತೆ: ಮುಟ್ಟೋಕೆ ಏನಾದ್ರೂ ಕೊಡಬೇಕು. ಹೊಯ್ಸಳರ ಗುಡಿ ಬಳಪದ ಕಲ್ಲಿನದು. ಆ ಜಾತಿಯ ಕಲ್ಲಿನ ತುಂಡುಗಳನ್ನ ಬಾಗಿಲ ಹತ್ತಿರ ಒಂದು ಟ್ರೇನಲ್ಲಿಟ್ಟು, ಪಕ್ಕದಲ್ಲಿ ಎರಡು ಮೊಳೆ ಇಡು. ಗೀಚಿ ನೋಡಿ ಅನ್ನು. ಮೊಳೆ ಸಲೀಸಾಗಿ ಗೆರೆ ಎಳೆಯುತ್ತೆ. ಪಕ್ಕದಲ್ಲೇ ಹಂಪಿಯಂಥ ಕಡೆ ಬಳಸಿದ ಕಣಶಿಲೆಯ ತುಂಡಿಡು, ಅದರ ಮೇಲೆ ಮೊಳೆ ಜಾರುತ್ತೆ. ಈಗ ಮಗುವಿಗೆ ಎರಡು ವಿಷಯ ತಾನಾಗಿ ಗೊತ್ತಾಯ್ತು. ಮದನಿಕೆಯ ಸರದಲ್ಲಿ ಒಂದೊಂದು ಮಣಿಯನ್ನೂ ಬಿಡಿಸೋಕೆ ಹೇಗೆ ಸಾಧ್ಯವಾಯ್ತು ಅನ್ನೋದು. ಒಳಗೆ ಹೋದಾಗ ಕೈ ಯಾಕೆ ಹಿಂದೆ ಕಟ್ಟಿಕೊಳ್ಳಬೇಕು ಅನ್ನೋದು. ವಾಸ್ತುಶಿಲ್ಪ, ಭೂವಿಜ್ಞಾನ, ಸಂರಕ್ಷಣೆ ಎಲ್ಲ ಒಂದು ಟ್ರೇನಲ್ಲಿ ಮುಗೀತು. ಖರ್ಚು ಎಷ್ಟು? ಎರಡು ಮೊಳೆ.

ಅಳಿಯ: ಆ ಟ್ರೇ ಇಡೋಕೆ ಒಂದು ಒಳ್ಳೆ ಮಾಹಿತಿ ಕೇಂದ್ರ ಕಟ್ಟಬಹುದಲ್ವಾ, ಗುಡಿ ಎದುರಿಗೆ?

ಅತ್ತೆ: ಎಂ.ಎ.ನಲ್ಲಿ ಕಾನೂನು ಹೇಳಿಕೊಟ್ಟಿಲ್ಲ ಅನ್ಸುತ್ತೆ. ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಕಟ್ಟೋಕೆ ಅನುಮತಿ ಬೇಕು. ಹಾಗಾಗಿ ಕೇಂದ್ರ ಎಲ್ಲೋ ದೂರದಲ್ಲಿ ಬರುತ್ತೆ, ಬಸ್ಸು ಇನ್ನೆಲ್ಲೋ ನಿಲ್ಲುತ್ತೆ, ಜನ ಸೀದಾ ಗುಡಿಗೆ ಹೋಗ್ತಾರೆ. ನಿನ್ನ ಕೆಲಸದ ಮುಕ್ಕಾಲು ಪಾಲು ಇಂಥ ಲೆಕ್ಕಾಚಾರವೇ. ಬಸ್ ಎಲ್ಲಿ ನಿಲ್ಲುತ್ತೆ, ಚಪ್ಪಲಿ ಎಲ್ಲಿ ಬಿಡ್ತಾರೆ, ಟಿಕೆಟ್ ಸಾಲಿನಲ್ಲಿ ಎಷ್ಟು ಹೊತ್ತು ನಿಲ್ತಾರೆ, ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ. ಶೌಚಾಲಯ ಸಿಗದ ಹುಡುಗಿಗೆ ನಿನ್ನ ದಾಸೋಜ ಬೇಡ ಕಣೋ. ಹಂಪಿ ಗೊತ್ತಲ್ಲ, ಕಮಲಾಪುರದ ಮ್ಯೂಸಿಯಂ ಅಂಗಳದಲ್ಲಿ ಹಂಪಿಯ ಇಡೀ ನೆಲದ ದೊಡ್ಡ ಮಾದರಿ ಮಾಡಿಟ್ಟಿದ್ದಾರೆ. ಗುಡ್ಡ, ಹೊಳೆ, ಕೋಟೆ, ಎಲ್ಲ ಒಂದೇ ನೋಟಕ್ಕೆ. ನನ್ನ ಮಟ್ಟಿಗೆ ಹಂಪಿ ಶುರುವಾಗಬೇಕಾದ್ದೇ ಅಲ್ಲಿಂದ. ಜನ ಅಲ್ಲಿಗೆ ಬರೋದು ಎಲ್ಲ ಸುತ್ತಿ ಕಾಲು ಸೋತ ಮೇಲೆ, ಬಂದ್ರೆ. ಶುಕ್ರವಾರ ಹೋದವರಿಗಂತೂ ಬಾಗಿಲೇ ಮುಚ್ಚಿರುತ್ತೆ.

ಅಳಿಯ: ಕಾಲು ಸೋಲೋದಕ್ಕೂ ಶಾಸ್ತ್ರ ಇದೆಯಾ?

ಅತ್ತೆ: ತಮಾಷೆಗೆ ಕೇಳಿದೆ, ಆದ್ರೆ ಇದೆ. ಬಾಸ್ಟನ್ನಿನ ಕಲಾ ಮ್ಯೂಸಿಯಂನಲ್ಲಿ ಬೆಂಜಮಿನ್ ಐವ್ಸ್ ಗಿಲ್ಮನ್ ಅಂತ ಇದ್ದ. ವಸ್ತುಗಳನ್ನ ನೋಡಿ ಉತ್ತರ ಹೇಳು ಅಂತ ಒಬ್ಬನಿಗೆ ಪ್ರಶ್ನೆ ಕೊಟ್ಟು, ಅವನು ನೋಡೋಕೆ ಪಟ್ಟ ಪಾಡನ್ನೆಲ್ಲ ಫೋಟೊ ತೆಗೆಸಿ 1916ರಲ್ಲಿ ಅಚ್ಚು ಹಾಕಿಸಿದ. ಕೋಟು ತೊಟ್ಟ ಮನುಷ್ಯ ಸೊಂಟ ಬಗ್ಗಿಸಿ, ಕತ್ತು ತಿರುಚಿ, ಮೊಣಕಾಲೂರಿ ಪೆಟ್ಟಿಗೆ ಒಳಗೆ ಇಣುಕ್ತಿದ್ದಾನೆ. ಮ್ಯೂಸಿಯಂ ಸುಸ್ತಿಗೆ ಕಾರಣ ಬಂದವರ ಸೋಮಾರಿತನ ಅಲ್ಲ, ಇಟ್ಟವರ ಅವಿವೇಕ ಅಂತ ಆ ಚಿತ್ರಗಳೇ ಹೇಳ್ತವೆ. ನೂರು ವರ್ಷ ಆದ್ರೂ ನಮ್ಮ ಎಷ್ಟೋ ಕಡೆ ಅದೇ ಭಂಗಿ ನೋಡಬಹುದು. ನಾನು ಹೊಸಬರಿಗೆ ಮೊದಲ ದಿನ ಒಂದೇ ಕೆಲಸ ಕೊಡ್ತಿದ್ದೆ. ಮೂಲೇಲಿ ಸ್ಟೂಲ್ ಹಾಕ್ಕೊಂಡು ಕೂತು, ಜನ ಎಲ್ಲಿ ನಿಂತ್ರು, ಎಲ್ಲಿ ನಿಲ್ಲಲಿಲ್ಲ, ತಮ್ಮತಮ್ಮಲ್ಲಿ ಏನು ಮಾತಾಡಿಕೊಂಡ್ರು, ಬರ್ಕೊಳ್ಳಿ ಅಂತ. ಪಿಎಚ್.ಡಿ. ಮಾಡಿದವರಿಗೆ ಅವಮಾನ ಆಗ್ತಿತ್ತು. ಹೈಸ್ಕೂಲ್ ಟೀಚರ್ ಆಗಿದ್ದು ಬಂದವರಿಗೆ ಬೇಗ ಹತ್ತುತ್ತಿತ್ತು.

ಅಳಿಯ: ಸರಿ, ಹೊಟ್ಟೆಪಾಡಿನ ಮಾತಿಗೆ ಬರೋಣ. ಈ ಕೆಲಸ ಸಿಗೋದು ಎಲ್ಲಿ?

ಅತ್ತೆ: ಒಂದೇ ಬಾಗಿಲಿಲ್ಲ. ವಿಜ್ಞಾನ ಮ್ಯೂಸಿಯಂಗಳಲ್ಲಿ ದಾರಿ ಸ್ವಲ್ಪ ಸ್ಪಷ್ಟ. ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಪರಿಷತ್ತು 1978ರಲ್ಲಿ ಶುರುವಾಯ್ತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅದರ ಕೆಳಗೇ ಬರೋದು. ಶಿಕ್ಷಣಾಧಿಕಾರಿ, ಶಿಕ್ಷಣ ಸಹಾಯಕ ಅಂತ ಹುದ್ದೆಗಳೇ ಇವೆ. ಹಳ್ಳಿ ಶಾಲೆಗಳಿಗೆ ಬಸ್ಸಿನಲ್ಲೇ ಪ್ರದರ್ಶನ ತಗೊಂಡು ಹೋಗ್ತಾರೆ. ಆದ್ರೆ ಅವರು ಕೇಳೋದು ವಿಜ್ಞಾನ, ಎಂಜಿನಿಯರಿಂಗ್ ಓದಿದವರನ್ನ, ನಿನ್ನನ್ನಲ್ಲ. ಮ್ಯೂಸಿಯಂ ಶಾಸ್ತ್ರ ಓದಬೇಕು ಅಂದ್ರೆ ಬರೋಡದ ವಿಶ್ವವಿದ್ಯಾಲಯದಲ್ಲಿ 1952ರಿಂದ ಆ ವಿಭಾಗ ಇದೆ. ದೆಹಲಿಯ ರಾಷ್ಟ್ರೀಯ ಮ್ಯೂಸಿಯಂ ಜೊತೆಗಿದ್ದ ಸಂಸ್ಥೆ ಈಗ ನೋಯ್ಡಾದಲ್ಲಿ ಪರಂಪರಾ ಸಂಸ್ಥೆಯಾಗಿದೆ. ಇಂಟ್ಯಾಕ್‌ನವರು ಶಾಲೆಗಳಲ್ಲಿ ಹೆರಿಟೇಜ್ ಕ್ಲಬ್ ನಡೆಸ್ತಾರೆ. ಬೆಂಗಳೂರಿನಲ್ಲಿ ಈಚೆಗೆ ಖಾಸಗಿ ಮ್ಯೂಸಿಯಂಗಳು ಬಂದಿವೆ, ಜೆ.ಪಿ. ನಗರದ ಸಂಗೀತ ಮ್ಯೂಸಿಯಂ, ಕಸ್ತೂರಬಾ ರಸ್ತೆಯ ಮ್ಯಾಪ್. ಅಲ್ಲೆಲ್ಲ ಶಿಕ್ಷಣದ ತಂಡ ಇಟ್ಟುಕೊಂಡಿದ್ದಾರೆ. ರಾಮನಗರದ ಜಾನಪದ ಲೋಕದಂಥ ಕಡೆ ಹೋಗಿ ಸುಮ್ಮನೆ ಒಂದು ಸೀಸನ್ ಕೆಲಸ ಮಾಡಿದ್ರೂ ಎರಡು ಸೆಮಿಸ್ಟರ್‌ನಷ್ಟು ಕಲೀತೀಯ. ಸಂಬಳ ಮಾತ್ರ ಕೇಳಬೇಡ. ಸರ್ಕಾರಿ ಹುದ್ದೆ ಅಪರೂಪ, ಮಿಕ್ಕಿದ್ದು ಪ್ರಾಜೆಕ್ಟ್ ಇರೋವರೆಗೆ. ಇದನ್ನ ನಿಮ್ಮಪ್ಪನಿಗೆ ನಾನು ಹೇಳೋದಿಲ್ಲ, ನೀನೇ ಹೇಳು.

ಅಳಿಯ: ಕಾಡಿನ ಕಡೆ?

ಅತ್ತೆ: ಅಲ್ಲಿ ಕೆಲಸ ಇನ್ನೂ ಕಷ್ಟ, ಇನ್ನೂ ಚೆಂದ. ಜನ ನಾಗರಹೊಳೆಗೆ ಹೋಗಿ ಬಂದು ‘ಏನೂ ಕಾಣಿಸ್ಲಿಲ್ಲ’ ಅಂತಾರೆ. ಏನೂ ಅಂದ್ರೆ ಹುಲಿ. ಆನೆ ಸುಲಿದ ತೇಗದ ತೊಗಟೆ ಕಂಡಿರುತ್ತೆ, ಕಾಟಿ ಕಂಡಿರುತ್ತೆ, ಮುಸುವ ಮರದ ಮೇಲಿಂದ ಕೂಗಿ ಎಚ್ಚರಿಕೆ ಕೊಟ್ಟಿರುತ್ತೆ. ಜೀಪ್ ಹತ್ತೋ ಮೊದಲು ಹತ್ತು ನಿಮಿಷ ಯಾರಾದ್ರೂ ಅವರ ಕಣ್ಣು, ಕಿವಿಯನ್ನ ತಯಾರು ಮಾಡಿದ್ರೆ ಆ ಮಾತು ಬರ್ತಿರಲಿಲ್ಲ. ಜಂಗಲ್ ಲಾಡ್ಜಸ್‌ನವರು ಸರ್ಕಾರಿ ಸಂಸ್ಥೆಯಾದ್ರೂ ನ್ಯಾಚುರಲಿಸ್ಟ್‌ಗಳನ್ನ ಇಟ್ಟಿದ್ದಾರೆ. ಅಹಮದಾಬಾದಿನ ಪರಿಸರ ಶಿಕ್ಷಣ ಕೇಂದ್ರ, ಸಿಇಇ ಅಂತಾರಲ್ಲ, ಅದು 1984ರಿಂದ ಇದನ್ನೇ ಮಾಡ್ತಾ ಬಂದಿದೆ. ಆದ್ರೆ ನನ್ನನ್ನ ಕೇಳಿದ್ರೆ ಈ ರಾಜ್ಯದ ಒಳ್ಳೆ ಮೇಷ್ಟ್ರುಗಳು ರಂಗನತಿಟ್ಟಿನ ದೋಣಿಯವರು. ಹುಟ್ಟು ಹಾಕ್ತಾ ಹಾಕ್ತಾ ಒಂದು ಬಂಡೆ ಹತ್ತಿರ ನಿಧಾನ ಮಾಡ್ತಾರೆ, ಮೊಸಳೆ ಇದೆ ಅಂತ ಹೇಳೋದಿಲ್ಲ, ನೀವೇ ಕಂಡು ಕಿರುಚೋವರೆಗೂ ಕಾಯ್ತಾರೆ. ಬಾಯ್ಕಳಕ ಕೊಕ್ಕರೆ ತೋರಿಸಿ, ಇದರ ಕೊಕ್ಕು ನಡುವೆ ಯಾಕೆ ಸಂದು ಬಿಟ್ಟಿದೆ ಹೇಳಿ ಅಂತಾರೆ. ಬಸವನ ಹುಳು ಹಿಡಿಯೋಕೆ ಅನ್ನೋ ಉತ್ತರ ಬರೋ ಹೊತ್ತಿಗೆ ದೋಣಿ ಮುಂದಿನ ಮರಕ್ಕೆ ಬಂದಿರುತ್ತೆ. ಟಿಲ್ಡನ್ ಇವರನ್ನ ನೋಡಿದ್ದಿದ್ರೆ ಪುಸ್ತಕ ಇನ್ನೂ ಸಣ್ಣದಾಗ್ತಿತ್ತು.

ಅಳಿಯ: ಅವರಿಗೆ ಯಾರೂ ಹೇಳಿಕೊಡದೆಯೇ ಬಂತಲ್ಲ ಅತ್ತೆ. ಹಾಗಾದ್ರೆ ನಮ್ಮಂಥವರು ಯಾಕೆ?

ಅತ್ತೆ: ಒಳ್ಳೆ ಪ್ರಶ್ನೆ. ಒಬ್ಬ ದೋಣಿಯವನಿಗೆ ಬಂದಿದ್ದು ಇನ್ನೊಬ್ಬನಿಗೆ ಬರಬೇಕಲ್ಲ, ಅದಕ್ಕೆ. ಇವನ ದೋಣಿ ಸಿಕ್ಕಿದವರಿಗೆ ಹಬ್ಬ, ಪಕ್ಕದ ದೋಣಿ ಸಿಕ್ಕಿದವರಿಗೆ ಬರೀ ಸುತ್ತಾಟ ಅಂತಾಗಬಾರದು. ನೀನು ಅವನ ದೋಣೀಲಿ ಕೂತು, ಎಲ್ಲಿ ನಿಲ್ಲಿಸ್ತಾನೆ, ಏನು ಕೇಳ್ತಾನೆ, ಎಷ್ಟು ಹೊತ್ತು ಸುಮ್ಮನಿರ್ತಾನೆ ಅಂತ ಬರ್ಕೊಂಡು, ಮಿಕ್ಕವರಿಗೆ ತಲುಪಿಸಬೇಕು. ಅವನ ಹೆಸರು ಹಾಕಿ. ನಿನ್ನ ಹೆಸರು ಹಾಕ್ಕೊಂಡೆ ಅಂದ್ರೆ ನಾನೇ ಬಂದು ಅಳಿಸ್ತೀನಿ.

ಅಳಿಯ: ಇಲಾಖೆಯವರು ಇದಕ್ಕೆಲ್ಲ ಒಪ್ತಾರಾ? ಬೋರ್ಡ್ ಟೆಂಡರ್ ಕರೆದು ಮಾಡಿಸೋದಲ್ವಾ?

ಅತ್ತೆ: ಟೆಂಡರೇ. ಸ್ಟೀಲು ಯಾವ ದಪ್ಪ, ಬಣ್ಣ ಎಷ್ಟು ಮಳೆಗಾಲ ತಡೆಯಬೇಕು ಅಂತೆಲ್ಲ ಪುಟಗಟ್ಟಲೆ ಇರುತ್ತೆ. ಬರಹ ಯಾರದು ಅನ್ನೋದಕ್ಕೆ ಒಂದು ಸಾಲಿರುತ್ತೆ, ‘ಮಾಹಿತಿಯನ್ನು ಇಲಾಖೆ ಒದಗಿಸುವುದು’. ಯಾವುದೋ ಗೆಜೆಟಿಯರಿನಿಂದ ಎತ್ತಿ, ಇಂಗ್ಲಿಷಿನಿಂದ ಕನ್ನಡಕ್ಕೆ ತಂದು, ತಂದಿದ್ದನ್ನ ಯಾರೂ ಓದದೆ ಅಚ್ಚು ಹಾಕ್ತಾರೆ. ನಿನ್ನ ಕಾಲು ಊರೋ ಜಾಗ ಆ ಒಂದು ಸಾಲು. ಅದರಲ್ಲಿ ಜಗಳ ಆಡು. ಅಚ್ಚಿಗೆ ಹೋಗೋ ಮೊದಲು ಕಾಗದದಲ್ಲಿ ಬರೆದು, ಟೇಪ್ ಹಾಕಿ ಅಂಟಿಸಿ, ವಾರ ಬಿಟ್ಟು ನೋಡ್ತೀನಿ ಅನ್ನು. ಎಷ್ಟು ಜನ ನಿಂತ್ರು ಅಂತ ಅವರಿಗೆ ತೋರಿಸು. ಅಧಿಕಾರಿಗಳಿಗೆ ಲೆಕ್ಕ ಅರ್ಥ ಆಗುತ್ತೆ. ಈಗ ನೀನೇ ಬರಿ. ದಾಸೋಜನ ಮದನಿಕೆಗೆ ಒಂದು ಬೋರ್ಡು. ಇಪ್ಪತ್ತೈದು ಪದ ಮೀರಬಾರದು.

ಅಳಿಯ: ಈಗಲಾ? ಸರಿ… ‘ಹೊಯ್ಸಳ ಶಿಲ್ಪಕಲೆಯ ಅಪ್ರತಿಮ ಕೊಡುಗೆಯಾದ ಈ ಮದನಿಕಾ ವಿಗ್ರಹವು…’

ಅತ್ತೆ: ನಿಲ್ಸು. ಅಪ್ರತಿಮ ಅಂತ ನೀನು ಹೇಳಿಬಿಟ್ರೆ ನೋಡಿದವನಿಗೆ ಹೇಳೋಕೆ ಏನು ಉಳೀತು?

ಅಳಿಯ: ‘ತಲೆ ಎತ್ತಿ ನೋಡಿ. ಇವಳ ಕಾಲ ಕೆಳಗೆ ಅಕ್ಷರಗಳಿವೆ. ಇವಳನ್ನು ಕೆತ್ತಿದವನು ತನ್ನ ಹೆಸರು ಬರೆದಿದ್ದಾನೆ: ದಾಸೋಜ, ಊರು ಬಳ್ಳಿಗಾವೆ. ಜಕಣಾಚಾರಿಯ ಕಥೆ ಕೇಳಿದಿರಲ್ಲ, ಹಾಗಾದರೆ ಇವನು ಯಾರು?’

ಅತ್ತೆ: ಪದ ಎಷ್ಟಾಯ್ತು?

ಅಳಿಯ: ಇಪ್ಪತ್ತೊಂದು.

ಅತ್ತೆ: ಪರವಾಗಿಲ್ಲ. ‘ಬಳ್ಳಿಗಾವೆ’ ಎಲ್ಲಿದೆ ಅಂತ ಕೇಳ್ತಾರೆ, ಶಿವಮೊಗ್ಗ ಜಿಲ್ಲೆ ಅಂತ ಸೇರಿಸು, ಇನ್ನೂ ನಾಲ್ಕು ಪದಕ್ಕೆ ಜಾಗ ಇದೆ. ಆಮೇಲೆ ಇದನ್ನ ನಿನ್ನ ಪ್ರೊಫೆಸರಿಗೆ ತೋರಿಸಬೇಡ. ಟೂರ್ ಬಸ್ಸಿನ ಡ್ರೈವರಿಗೆ ತೋರಿಸು. ವಾರಕ್ಕೊಂದು ಸಲ ಬೇಲೂರಿಗೆ ಬಂದೂ ಬಸ್ಸಿಂದ ಇಳಿಯದೆ ಮಲಗೋರು ಅವರು. ಓದಿ, ಎದ್ದು ಗುಡಿ ಕಡೆ ಹೊರಟ್ರೆ ಅಚ್ಚಿಗೆ ಕೊಡು. ಮಗ್ಗುಲು ಬದಲಾಯಿಸಿದ್ರೆ ಮತ್ತೆ ಬರಿ.

ಅಳಿಯ: ಡಿಸೆಂಬರಿನಲ್ಲಿ ಹೋಗಲಾ, ಶಾಲೆ ಬಸ್ಸುಗಳು ಬರೋವಾಗ?

ಅತ್ತೆ: ಮಳೆಗಾಲದಲ್ಲೇ ಹೋಗು. ಡಿಸೆಂಬರಿಗೆ ಟ್ರೇ ಸಿದ್ಧ ಇರಬೇಕು, ಮೊಳೆ ನಾನು ಕೊಡ್ತೀನಿ.